ಅಂಚು ಹಿಡಿದು ನೋಡುವ ಚಿನ್ನ

ಚಿನ್ನ ಅಂದರೆ ತೂಕ, ಬಣ್ಣ, ಅಕ್ಕಸಾಲಿಗನ ಒರೆಗಲ್ಲು. ಇಷ್ಟು ಬಿಟ್ಟು ಚಿನ್ನದಲ್ಲಿ ನೋಡೋಕೆ ಇನ್ನೇನಾದರೂ ಇದೆ ಅಂತ ಮದುವೆಯಾಗಿ ಅಮೆರಿಕಕ್ಕೆ ಹೋಗುವವರೆಗೂ ನನಗೆ ಗೊತ್ತಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಬಳೆ ಮಸುಕಾದರೆ ಅಂಟುವಾಳದ ನೀರಿನಲ್ಲಿ ನೆನೆಸಿ, ಉಜ್ಜಿ, ಫಳಫಳ ಅನ್ನಿಸಿ ಹಾಕಿಕೊಳ್ಳುತ್ತಿದ್ದರು. ಅಂಥ ಮನೆಯ ಹುಡುಗಿಗೆ ಗಂಟುಬಿದ್ದ ಗಂಡ ಎಂಥವರು ಅಂತೀರಿ? ನೂರೈವತ್ತು ವರ್ಷದ ಕೊಳೆಯನ್ನ ಭೂತಗನ್ನಡಿ ಹಿಡಿದು ನೋಡಿ, "ಆಹಾ, ಇದನ್ನ ಯಾರೂ ತೊಳೆದಿಲ್ಲ ಕಣೇ!" ಅಂತ ಕಣ್ಣಲ್ಲಿ ನೀರು ತುಂಬಿಕೊಳ್ಳುವ ಮನುಷ್ಯ. ನನ್ನ ಹಣೆಬರಹ.

ನಮ್ಮ ಯಜಮಾನರು ಡೆಟ್ರಾಯಿಟ್‌ನ ಒಂದು ಕಾರು ಕಂಪನಿಯಲ್ಲಿ ಎಂಜಿನಿಯರ್. ಅರವತ್ತರ ದಶಕದ ಕೊನೆಗೆ ಅಲ್ಲಿಗೆ ಹೋದೆವು. ಊರಾಚೆ ಕ್ಯಾಂಟನ್‌ನಲ್ಲಿ ಮನೆ. ಆಗ ಅಲ್ಲಿ ಮನೆಗಳಿಗಿಂತ ಮುಸುಕಿನ ಜೋಳದ ಹೊಲವೇ ಜಾಸ್ತಿ. ಒಂದು ಹಿಡಿ ಕೊತ್ತಂಬರಿ ಸೊಪ್ಪಿಗೆ ಇಪ್ಪತ್ತು ಮೈಲಿ ಡ್ರೈವ್ ಮಾಡಬೇಕು. ಶನಿವಾರ ಬಂದರೆ ಅಕ್ಕಪಕ್ಕದ ಗಂಡಸರೆಲ್ಲ ಹುಲ್ಲು ಕತ್ತರಿಸುತ್ತಿದ್ದರು, ಇವರು ಮಾತ್ರ ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕಿಕೊಂಡು ನಾಣ್ಯದ ಅಂಗಡಿಗೆ ಹೊರಡುತ್ತಿದ್ದರು. ನಮ್ಮ ಮನೆ ಹುಲ್ಲು ಮೊಣಕಾಲೆತ್ತರ.

ಎಲ್ಲಾ ನಾಣ್ಯವೂ ಅಲ್ಲ, ಮತ್ತೆ. ಆ ದೇಶ ಹುಟ್ಟಿ ಇನ್ನೂ ಅಂಬೆಗಾಲು ಇಡುತ್ತಿದ್ದಾಗ ಟಂಕಿಸಿದ ಚಿನ್ನದ ನಾಣ್ಯಗಳು ಮಾತ್ರ. ಒಂದು ಕಡೆ ಟೋಪಿ ಹಾಕಿಕೊಂಡ ಒಬ್ಬ ಹೆಂಗಸಿನ ಮುಖ, ಇನ್ನೊಂದು ಕಡೆ ಹದ್ದು. ಕೊಳ್ಳುವ ತಾಕತ್ತು ನಮಗೆಲ್ಲಿತ್ತು? ಬರೀ ನೋಡೋಕೆ ಹೋಗುತ್ತಿದ್ದರು. ಅಂಗಡಿಯವರು, ಪ್ರದರ್ಶನಗಳಿಗೆ ಬರುವ ವ್ಯಾಪಾರಿಗಳು, ಎಲ್ಲರಿಗೂ ಇವರ ಹುಚ್ಚು ಗೊತ್ತಿತ್ತು. ಕರೆದು ಕೂರಿಸಿ, ದೀಪ ಹಾಕಿಕೊಟ್ಟು, "ನೋಡು, ಏನು ಗ್ರೇಡ್ ಹೇಳ್ತೀಯ?" ಅಂತಿದ್ದರು. ಗ್ರೇಡ್ ಅಂದರೆ ನಾಣ್ಯ ಎಷ್ಟು ಕೆಡದೆ ಉಳಿದಿದೆ ಅನ್ನೋ ದರ್ಜೆ. ಒಂದೊಂದು ನಾಣ್ಯವನ್ನ ಅರ್ಧ ಗಂಟೆ ನೋಡುತ್ತಿದ್ದರು ಈ ಮಹರಾಯರು.

"ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಐದು ನಿಮಿಷಕ್ಕೆ ಎದ್ದು ಹೋದ್ರಿ. ಈ ಟೋಪಿ ಹೆಂಗಸಿಗೆ ಅರ್ಧ ಗಂಟೆನಾ?" ಅಂತ ನಾನು ಕೇಳುತ್ತಿದ್ದೆ.

"ನಿನ್ನ ಗ್ರೇಡ್ ಬಾಗಿಲಲ್ಲೇ ಗೊತ್ತಾಯ್ತಲ್ಲೇ," ಅಂತಿದ್ದರು.

ಒಂದು ಸಲ ಹಟ ಹಿಡಿದು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋದರು. ಮಖಮಲ್ಲಿನ ಬಟ್ಟೆ ಮೇಲೆ ಎರಡು ನಾಣ್ಯ ಇಡಿಸಿ, ಯಾವುದು ಚೆನ್ನಾಗಿದೆ ಹೇಳು ಅಂದರು. ಒಂದು ಝಗಝಗ ಹೊಳೆಯುತ್ತಿತ್ತು. ಇನ್ನೊಂದು ಮಂಕು, ಅಕ್ಷರದ ಸಂದಿಯಲ್ಲಿ ಕೆಂಪುಕೆಂಪಾಗಿ ಏನೋ ಕೂತಿತ್ತು. ಹೊಳೆಯೋದನ್ನ ತೋರಿಸಿದೆ. ಅಂಗಡಿಯವನೂ ಇವರೂ ಮುಖ ಮುಖ ನೋಡಿಕೊಂಡು ನಕ್ಕರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಹೊಳೆಯೋದನ್ನ ಯಾರೋ ಉಜ್ಜಿದ್ದಾರೆ. ದೀಪದ ಕೆಳಗೆ ಓರೆ ಮಾಡಿದರೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಕಾಣುತ್ತವೆ. ಮಂಕಾಗಿರೋದನ್ನ ಓರೆ ಮಾಡಿದರೆ ಬೆಳಕು ಮುಖದ ಸುತ್ತ ನಿಧಾನವಾಗಿ ಒಂದು ಸುತ್ತು ಬರುತ್ತದೆ. ಅದು ಟಂಕಸಾಲೆಯಿಂದ ಬಂದ ಹೊಳಪು, ಒಂದು ಸಲ ಹೋದರೆ ಮತ್ತೆ ಬರೋದಿಲ್ಲ. ಸವೆತ ನೋಡಬೇಕಾದರೆ ಎತ್ತರದ ಜಾಗ ನೋಡಬೇಕು, ಕಿವಿಯ ಮೇಲಿನ ಕೂದಲು, ಹದ್ದಿನ ಎದೆ. ಆದರೆ ಆ ಕಾಲದ ಅಚ್ಚು ಕೆಲವು ಕಡೆ ಸರಿಯಾಗಿ ಒತ್ತುತ್ತಲೇ ಇರಲಿಲ್ಲವಂತೆ. ಆದ್ದರಿಂದ ಹದ್ದಿನ ಎದೆ ಚಪ್ಪಟೆಯಾಗಿದ್ದರೆ ಸವೆದಿದೆ ಅಂತ ಬಾಯಿಗೆ ಬಂದಂತೆ ಹೇಳೋ ಹಾಗಿಲ್ಲ. ಅಲ್ಲೂ ಹೊಳಪು ಉಳಿದಿದ್ದರೆ ಅದು ಅಚ್ಚಿನ ತಪ್ಪು, ಹೊಳಪು ಸತ್ತಿದ್ದರೆ ಜನರ ಕೈ ತಾಗಿದೆ. ಇನ್ನು ಕೆಲವು ನಾಣ್ಯದ ಮೇಲೆ ಸಾಲಾಗಿ ಗೀರು ಇರುತ್ತವೆ. ನಾನು ಅಯ್ಯೋ ಅಂದೆ. "ಅಯ್ಯೋ ಅನ್ನಬೇಡ. ತೂಕ ಜಾಸ್ತಿ ಬಂದಾಗ ಟಂಕಸಾಲೆಯವರೇ ಅರ ಹಾಕಿ ತೆಗೆದದ್ದು. ಅದು ಹುಟ್ಟುಮಚ್ಚೆ," ಅಂದರು.

"ಇದೆಲ್ಲಾ ಯಾರು ಬೇಕಾದರೂ ಕಲೀಬಹುದು," ಅಂತಲೂ ಅಂದರು. "ಆದರೆ ಒಂದೇ ಗ್ರೇಡಿನ ಎರಡು ನಾಣ್ಯ ಇಟ್ಟರೆ ಒಂದರ ಮೇಲಿಂದ ಕಣ್ಣು ಕೀಳೋಕಾಗಲ್ಲ. ಐ ಅಪೀಲ್, ಕಣ್ಸೆಳೆತ, ಅಂತಾರೆ ಇಲ್ಲಿಯವರು. ಅದನ್ನ ಕಲಿಸೋಕಾಗಲ್ಲ."

"ಕಳೆ ಅನ್ನಿ. ನಮ್ಮಮ್ಮ ಅಂತಾರಲ್ಲ, ಹುಡುಗಿ ಕಪ್ಪಾದರೂ ಮುಖದಲ್ಲಿ ಕಳೆ ಇದೆ ಅಂತ," ಅಂದೆ.

ಅವತ್ತಿನಿಂದ ಅವರ ಬಾಯಲ್ಲಿ ಕಳೆ ಅನ್ನೋದೇ ಮಾತಾಯಿತು.

ಮುಟ್ಟೋದಕ್ಕೆ ಇದ್ದ ಮಡಿ ಮಾತ್ರ ನಮ್ಮಜ್ಜಿಯ ಮಡಿಯನ್ನ ಮೀರಿಸುವಂಥದ್ದು. ಹೆಬ್ಬೆರಳು, ತೋರುಬೆರಳು, ಎರಡೇ. ಅಂಚಿನಲ್ಲೇ ಹಿಡೀಬೇಕು. ಕೆಳಗೆ ಬಟ್ಟೆ ಇರಬೇಕು. ಅದರ ಮೇಲೆ ಮಾತಾಡಬಾರದು, ಎಂಜಲು ಹಾರುತ್ತೆ. ಬೆರಳಿನ ಎಣ್ಣೆ ತಾಗಿದರೆ ವರ್ಷ ಕಳೆದ ಮೇಲೆ ಅಲ್ಲಿ ಕಲೆ ಮೂಡುತ್ತೆ. ಅಡುಗೆಮನೆ ಟೇಬಲ್ ಮೇಲೆ ತಾಮ್ರದ ಪೆನ್ನಿಗಳನ್ನ ಹಾಕಿಕೊಂಡು ತಾವೂ ಅಭ್ಯಾಸ ಮಾಡುತ್ತಿದ್ದರು, ಎಂಟು ವರ್ಷದ ಮಗಳಿಗೂ ಮಾಡಿಸುತ್ತಿದ್ದರು. ಅವಳು ಅಪ್ಪನ ಬೆರಳು ನೋಡಿಕೊಂಡು ಇಂಗ್ಲಿಷಿನಲ್ಲಿ ತಪ್ಪು ಹಿಡಿಯುವಷ್ಟು ಪಳಗಿಬಿಟ್ಟಿದ್ದಳು.

ಎಪ್ಪತ್ತರ ದಶಕದ ನಡುವೆ ಪೆಟ್ರೋಲ್ ಬೆಲೆಗೆ ಬೆಂಕಿ ಬಿತ್ತು. ಕಾರು ಕೊಳ್ಳೋರಿಲ್ಲ. ಕಂಪನಿಗಳು ಜನರನ್ನ ಸಾಲುಸಾಲಾಗಿ ಮನೆಗೆ ಕಳಿಸಿದವು, ಇವರನ್ನೂ ಕಳಿಸಿದರು. ಎಲ್ಲೆಲ್ಲೋ ಅಪ್ಲೈ ಮಾಡಿದರು. ಒಂದೂ ಗಿಟ್ಟಲಿಲ್ಲ. ಮೊದಮೊದಲು ಬೆಳಿಗ್ಗೆ ಟೈ ಕಟ್ಟಿಕೊಂಡು ಕೂರುತ್ತಿದ್ದರು. ಆಮೇಲೆ ಟೈ ಹೋಯಿತು, ಗಡ್ಡ ಬಂತು. ಆಮೇಲೆ ಸೋಫಾದಿಂದ ಏಳೋದೂ ನಿಂತಿತು. ಮಾತಾಡಿಸಿದರೆ "ಹ್ಞೂ". ಊಟಕ್ಕೆ ಕರೆದರೆ "ಆಮೇಲೆ". ಗೋಡೆ ಕಡೆ ತಿರುಗಿ ಮಲಗಿದ ಗಂಡನ ಬೆನ್ನು ನೋಡಿಕೊಂಡು ನಾನು ಎಷ್ಟು ದಿನ ಅಂತ ಇರಲಿ? ಬೈದೆ, ಅತ್ತೆ, ದೇವರಿಗೆ ಹರಕೆ ಹೊತ್ತೆ. ನಾಣ್ಯದ ಅಂಗಡಿಯಿಂದ ಫೋನ್ ಬಂದರೂ ಹೋಗಲಿಲ್ಲ. ಅದು ಕಂಡಾಗ ನನಗೆ ನಿಜವಾಗಿ ಭಯ ಹುಟ್ಟಿತು.

ಆಗ ಫೋನ್ ಮಾಡಿದವರು ನಮ್ಮ ಡಾಕ್ಟರ್ ಗೆಳೆಯರು. ಹುಬ್ಬಳ್ಳಿ ಕಡೆಯವರು, ನಮ್ಮ ಜೊತೆ ಒಂದೇ ವಿಮಾನದಲ್ಲಿ ಬಂದವರು, ಶಿಕಾಗೋ ಹತ್ತಿರ ಡೌನರ್ಸ್ ಗ್ರೋವ್‌ನಲ್ಲಿ ಮನೆ. ರಿಸೀವರನ್ನ ನಾನೇ ಇವರ ಕಿವಿಗೆ ಹಿಡಿದೆ. ಆ ಕಡೆಯ ಗಂಟಲು ನನಗೂ ಕೇಳಿಸುತ್ತಿತ್ತು.

"ಲೇ, ಇಲ್ಲೊಬ್ಬ ಮುದುಕ ಬರ್ತಾನ ನನ್ನ ಹಂತ್ಯಾಕ. ಹಳೇ ಬಂಗಾರದ ನಾಣ್ಯದ ವ್ಯಾಪಾರ. ಕಣ್ಣಿಗೆ ಪೊರಿ ಬಂದದ ಪಾಪ, ನೋಡಿ ಗ್ರೇಡ್ ಹೇಳೋ ಮಂದಿ ಬೇಕಂತ. ನಿನ್ನ ಬಗ್ಗೆ ಹೇಳೀನಿ. ನಿನ್ನ ಹುಚ್ಚು ಇವತ್ತರ ಉಪಯೋಗಕ್ಕ ಬರ್ಲಿ. ಶನಿವಾರ ಬಂದ್ಬಿಡು. ಐತವಾರ ನಮ್ಮನಿಯೊಳಗ ಸತ್ಯನಾರಾಯಣ ಪೂಜಾ ಅದ, ವೈನೀನೂ ಕರ್ಕೊಂಡು ಬಾ."

ನಮ್ಮವರು ಎದ್ದು ಕೂತರು. ಸ್ವಲ್ಪ ಹೊತ್ತಾದ ಮೇಲೆ ಬಚ್ಚಲಲ್ಲಿ ರೇಜರ್ ತೊಳೆಯುವ ಸದ್ದು ಕೇಳಿತು. ನಾನು ಒಲೆ ಮುಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸಂಬಳ ಎಷ್ಟೋ ಏನೋ, ಯಾರಿಗೆ ಬೇಕಿತ್ತು? ಈ ಕೆಲಸ ಸಿಕ್ಕರೆ ನನ್ನ ಗಂಡ ನನಗೆ ವಾಪಸ್ ಸಿಗುತ್ತಾರೆ, ಸಿಗದಿದ್ದರೆ ಆ ಸೋಫಾ ಅವರನ್ನ ನುಂಗುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ.

ಜನವರಿ. ಫ್ಯಾರನ್‌ಹೀಟ್‌ನಲ್ಲೂ ಒಂದಂಕಿಗೆ ಇಳಿದಿದ್ದ ಚಳಿ. ಶುಕ್ರವಾರವೇ ಹೊರಟು ಡೌನರ್ಸ್ ಗ್ರೋವ್ ಸೇರಿದೆವು. ದಾರಿಯುದ್ದಕ್ಕೂ ಇವರು ಮಾತಾಡಿದ್ದೇ ಮಾತಾಡಿದ್ದು, ಎಷ್ಟೋ ತಿಂಗಳಿನ ಮಾತು. ಶನಿವಾರ ಬೆಳಿಗ್ಗೆ ಮಗಳನ್ನ ಡಾಕ್ಟರ ಹೆಂಡತಿ ಹತ್ತಿರ ಬಿಟ್ಟು ನಾವಿಬ್ಬರೂ ಟ್ರೇನಿನಲ್ಲಿ ಶಿಕಾಗೋ ಡೌನ್‌ಟೌನ್‌ಗೆ ಹೋದೆವು. "ನೀನೂ ಬಾ, ಸುಮ್ಮನೆ ಕೂತಿರು ಸಾಕು," ಅಂದಿದ್ದರು. ಸ್ಟೇಷನ್ನಿಂದ ನಡೆದು ಹೋಗುವಾಗ ಊರಂಚಿನ ದೊಡ್ಡ ಸರೋವರದ ಕಡೆಯಿಂದ ಬರುವ ಗಾಳಿಗೆ ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಹಿಮ ಕರಗಲಿ ಅಂತ ರಸ್ತೆಗೆ ಸುರಿದಿದ್ದ ಉಪ್ಪು, ಮರಳು ಬೂಟಿನ ಮೇಲೆಲ್ಲಾ ಬೆಳ್ಳಗೆ ಕೂತಿತ್ತು.

ಅಂಗಡಿ ಅಂದರೆ ಒಂದು ಹಳೇ ಕಟ್ಟಡದ ಮೇಲಿನ ಅಂತಸ್ತಿನ ಕೋಣೆ. ಕಿಟಕಿಯಾಚೆ ಮೇಲುಸೇತುವೆಯ ರೈಲು ಹೋದಾಗಲೆಲ್ಲ ಗಾಜು ಗಡಗಡ ಅನ್ನುತ್ತಿತ್ತು. ಮುದುಕ ಒಳ್ಳೆಯವನೇ. ದಪ್ಪ ಕನ್ನಡಕ, ನಡುಗುವ ಗದ್ದ, ಶುಭ್ರವಾದ ಬೆರಳುಗಳು. ನನಗೆ ಕುರ್ಚಿ ಹಾಕಿ ಕಾಫಿ ಕೊಟ್ಟ. ಇವರ ಮುಂದೆ ಬಟ್ಟೆ ಹಾಸಿ, ದೀಪ ಬಗ್ಗಿಸಿ, ಒಂದೊಂದೇ ನಾಣ್ಯ ಇಟ್ಟ.

ನಾನು ಎಷ್ಟೋ ವರ್ಷ ಗೇಲಿ ಮಾಡಿದ್ದ ಕೆಲಸವನ್ನ ಅವತ್ತು ಸರಿಯಾಗಿ ನೋಡಿದೆ. ಮೊದಲನೆಯದನ್ನ ಎತ್ತಿದ ತಕ್ಷಣ "ಇದನ್ನ ಯಾರೋ ಸರಕ್ಕೆ ಹಾಕಿಸಿದ್ದರು. ಅಂಚಿನಲ್ಲಿ ಕೊಂಡಿ ಬೆಸುಗೆ ಹಾಕಿ ತೆಗೆದ ಗುರುತಿದೆ," ಅಂದರು. ಮುದುಕ ತಲೆ ಆಡಿಸಿದ. ಇನ್ನೊಂದಕ್ಕೆ "ಸವೆತ ಕಮ್ಮಿ, ಆದರೆ ಉಜ್ಜಿದ್ದಾರೆ. ಕಳೆ ಇಲ್ಲ." ಕಳೆ ಅನ್ನೋದನ್ನ ಕನ್ನಡದಲ್ಲೇ ಅಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ಇಂಗ್ಲಿಷಿನಲ್ಲಿ ಹೇಳಿದರು. ಮುದುಕ ನಕ್ಕ. ಮತ್ತೊಂದರಲ್ಲಿ ಹದ್ದಿನ ಎದೆ ಚಪ್ಪಟೆ. ಅದನ್ನ ಸವೆತ ಅಂತ ಹೇಳಿ ಎಷ್ಟು ಜನ ಎಡವಿದ್ದರೋ, ಇವರು ಓರೆ ಮಾಡಿ ಮಾಡಿ ನೋಡಿ "ಅಚ್ಚು ಒತ್ತಿಲ್ಲ, ಅಷ್ಟೇ," ಅಂದರು. ಅವರ ಬೆನ್ನು ನೆಟ್ಟಗಾಗಿತ್ತು. ದನಿ ನಮ್ಮ ಮದುವೆ ಹೊಸತರಲ್ಲಿದ್ದ ದನಿ.

ಕಡೆಗೆ ಮುದುಕ ಒಳಗಿನ ಪೆಟ್ಟಿಗೆಯಿಂದ ಒಂದು ನಾಣ್ಯ ತಂದ. ಮಾರೋದಲ್ಲ, ನನ್ನ ಸ್ವಂತದ್ದು, ನಮ್ಮಪ್ಪನಿಂದ ಬಂದದ್ದು ಅಂದ. ಐದು ಡಾಲರಿನ ಚಿನ್ನದ ನಾಣ್ಯ, ಹಾಳು ಕಣ್ಣಿನ ನನಗೂ ಅದರ ಕಳೆ ಕಂಡಿತು. ಇವರು ಉಸಿರು ಬಿಗಿಹಿಡಿದು ನೋಡಿದರು. "ಅನ್‌ಸರ್ಕ್ಯುಲೇಟೆಡ್," ಅಂದರು. ಅಂದರೆ ಯಾರ ಜೇಬಿಗೂ ಬೀಳದೆ, ಯಾರ ಕೈಗೂ ಸವೆಯದೆ ಉಳಿದದ್ದು. "ಈ ಗೀರುಗಳು ಅರದ್ದು. ಯಾರೂ ತೊಳೆದಿಲ್ಲ. ನಾನು ನೋಡಿರೋದರಲ್ಲೆಲ್ಲಾ ಇದೇ ಚೆಂದ."

ಮುದುಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಸೋಮವಾರದಿಂದ ಬರೋಕಾಗುತ್ತಾ?" ಅಂದ.

ನಾನು ಮನಸ್ಸಿನಲ್ಲೇ ಚಾಮುಂಡಿಗೆ ಕೈ ಮುಗಿದೆ. ಇವರು ನನ್ನ ಕಡೆ ತಿರುಗಿ ನಕ್ಕರು. ನಗುತ್ತಾ ನಾಣ್ಯವನ್ನ ಬಟ್ಟೆ ಮೇಲೆ ಇಡೋಕೆ ಹೋದರು, ಕಣ್ಣು ನನ್ನ ಕಡೆಯೇ, ಅದು ಬಟ್ಟೆಯ ತುದಿಗೆ ತಾಗಿ ಜಾರಿ ಕೆಳಗೆ ಬಿತ್ತು. ಬಿದ್ದದ್ದು ಅವರ ಬೂಟಿನ ಮೇಲೆ, ಅಲ್ಲಿಂದ ಕಾರ್ಪೆಟ್‌ಗೆ.

"ಗಾಬರಿ ಬೇಡ, ಕಾರ್ಪೆಟ್ ಇದೆ, ಏನೂ ಆಗಿರಲ್ಲ," ಅಂದ ಮುದುಕ. ಅವನು ಹಾಗಂದದ್ದು ನಾನೇ ಕೇಳಿದ್ದೇನೆ.

ಆದರೆ ಅದು ಕಾಲಿಗೆ ತಾಗಿತ್ತಲ್ಲ. ಇವರು ಬಗ್ಗಿ ಅದನ್ನ ತೆಗೆದುಕೊಂಡರು, ಅಂಚಿನಲ್ಲಲ್ಲ, ಹೂವು ಎತ್ತಿಕೊಳ್ಳುವ ಹಾಗೆ ಬೆರಳೆಲ್ಲಾ ಸೇರಿಸಿ. ಎತ್ತಿಕೊಂಡು ಬಲಗಣ್ಣಿಗೊಂದು ಸಲ, ಎಡಗಣ್ಣಿಗೊಂದು ಸಲ ಒತ್ತಿಕೊಂಡರು. ಹೆಬ್ಬೆರಳು ಆ ಹೆಂಗಸಿನ ಕೆನ್ನೆ ಮೇಲೆ ಜಾರಿದ್ದು ನನಗೆ ಕಾಣಿಸಿತು.

ಪುಸ್ತಕ ಕಾಲಿಗೆ ತಾಗಿದರೆ, ದುಡ್ಡು ಕಾಲಿಗೆ ತಾಗಿದರೆ, ಅಕ್ಕಿ ಕಾಲಿಗೆ ತಾಗಿದರೆ ನಮ್ಮವರು ಯಾರೇ ಆದರೂ ಮಾಡೋದು ಅದನ್ನೇ. ಇನ್ನು ಚಿನ್ನ, ಸಾಕ್ಷಾತ್ ಲಕ್ಷ್ಮಿ. ನಾನಾಗಿದ್ದರೂ ಮಾಡುತ್ತಿದ್ದೆ. ಮಾಡದೆ ಬಿಟ್ಟಿದ್ದರೆ ನಾನೇ ಕುರ್ಚಿಯಿಂದ "ಕಣ್ಣಿಗೆ ಒತ್ಕೊಳ್ಳಿ" ಅಂತಿದ್ದೆನೋ ಏನೋ.

ಮುದುಕ ಕಿರುಚಿದ. ಆ ವಯಸ್ಸಿನ ಗಂಟಲಿಂದ ಅಂಥ ಸದ್ದು ಬರುತ್ತೆ ಅಂತ ನಾನು ಎಣಿಸಿರಲಿಲ್ಲ. ಆಗ ಇವರು ಕೈ ನೋಡಿಕೊಂಡರು. ಮುಖದ ಬಣ್ಣವೆಲ್ಲಾ ಇಳಿದುಹೋಯಿತು. ನಾನೇ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ, ನಮ್ಮಲ್ಲಿ ಇದು ಗೌರವ, ಕಾಲಿಗೆ ತಾಗಿದ್ದಕ್ಕೆ ಕ್ಷಮೆ ಕೇಳೋದು ಅಂತ. "ಗೌರವ?" ಅಂದ ಅವನು. ನಾಣ್ಯವನ್ನ ಅಂಚಿನಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಯಾವುದೋ ದ್ರಾವಣದಲ್ಲಿ ಉಜ್ಜದೆ ಅದ್ದಿ ತಂದ. ಕಣ್ಣಿನ ಪಸೆ, ಬೆರಳಚ್ಚು ಎಲ್ಲಾ ಹೋಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

ಮುದುಕ ಭೂತಗನ್ನಡಿ ಹಿಡಿದು ಹತ್ತಿರ ನೋಡಿದ, ದೂರ ನೋಡಿದ. ಅವನ ಪೊರೆಗಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಗೆ ಬಟ್ಟೆ ಮೇಲಿಟ್ಟು ಇವರ ಮುಂದೆ ಜರುಗಿಸಿದ. "ನೀನೇ ನೋಡಿ ಹೇಳು. ಈಗ ಏನು ಗ್ರೇಡ್?"

ಇವರು ನೋಡಿದರು. ನನಗೆ ಅವರ ಹೆಗಲು ನೋಡಿಯೇ ಗೊತ್ತಾಯಿತು.

"ಏನೂ ಆಗಿಲ್ಲ ಅಂತ ಹೇಳಿಬಿಡ್ರೀ," ಅಂದೆ, ಕನ್ನಡದಲ್ಲಿ. ಮುದುಕನಿಗೆಲ್ಲಿ ತಿಳಿಯಬೇಕು? "ನಿಮ್ಮ ದಮ್ಮಯ್ಯ, ಸುಮ್ಮನೆ ಇದ್ದ ಹಾಗೇ ಇದೆ ಅನ್ನಿ. ಅವನಿಗೆ ಕಾಣಲ್ಲ." ಹಾಗೆ ಹೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಬೂಟಿನ ಉಪ್ಪು, ಮರಳು ನಾಣ್ಯಕ್ಕೆ ಅಂಟಿತ್ತು, ನನ್ನ ಹೆಬ್ಬೆರಳು ಅದನ್ನ ಉಜ್ಜಿತು," ಅಂದರು ಮುದುಕನಿಗೆ. "ಕೆನ್ನೆ ಮೇಲೆ ಗೆರೆ ಬಿದ್ದಿದೆ. ಕೆನ್ನೆಯ ಪಕ್ಕದ ಖಾಲಿ ಜಾಗದಲ್ಲೂ ಇದೆ. ಓರೆ ಮಾಡಿದರೆ ಹೊಳಪು ಅಲ್ಲಿಗೆ ಬಂದು ಕಡಿದುಹೋಗುತ್ತೆ. ಇನ್ನು ಇದನ್ನ ಅನ್‌ಸರ್ಕ್ಯುಲೇಟೆಡ್ ಅಂತ ಯಾರೂ ಒಪ್ಪಲ್ಲ. ಉಜ್ಜಿದ ನಾಣ್ಯ ಅಂತಾರೆ."

ರೈಲು ಹೋಯಿತು. ಕಿಟಕಿ ಗಡಗಡ ಅಂತು.

"ನಿನ್ನ ಕಣ್ಣಿನಂಥ ಕಣ್ಣು ನನಗೆ ಮತ್ತೆ ಸಿಗಲ್ಲ," ಅಂದ ಮುದುಕ. "ಆದರೆ ನನ್ನ ಗಿರಾಕಿಗಳ ನಾಣ್ಯಗಳನ್ನ ನಿನ್ನ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ದಯವಿಟ್ಟು ತಪ್ಪು ತಿಳೀಬೇಡ." ಪರಿಹಾರ ಕೊಡಿ ಅಂತ ಕೇಳಲಿಲ್ಲ, ಪೊಲೀಸ್ ಅನ್ನಲಿಲ್ಲ. ಬೈದು ಆಚೆ ಹಾಕಿದ್ದರೆ ನಾನೂ ನಾಲ್ಕು ಮಾತು ವಾಪಸ್ ಬೈದು ಹಗುರಾಗುತ್ತಿದ್ದೆ. ಆ ದರಿದ್ರ ಒಳ್ಳೆಯತನಕ್ಕೆ ಏನು ಮಾಡೋದು? ನನ್ನ ಕೋಟನ್ನ ಅವನೇ ಹಿಡಿದು ತೊಡಿಸಿದ.

ವಾಪಸ್ ಟ್ರೇನಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಷ್ಟು ವರ್ಷ ಅಂಚು ಹಿಡಿ, ಅಂಚು ಹಿಡಿ ಅಂತ ಮಗೂನ ಜೀವ ತಿಂದ್ರಿ. ಇವತ್ತು ಏನಾಗಿತ್ತು ನಿಮಗೆ?"

"ಗೊತ್ತಾಗಲಿಲ್ಲ ಕಣೇ. ಕೈ ತಾನಾಗೇ ಹೋಯ್ತು," ಅಂದರು. ಆಮೇಲೆ ಡೌನರ್ಸ್ ಗ್ರೋವ್ ಬರುವ ತನಕ ತಮ್ಮ ಬಲಗೈಯನ್ನ ತೊಡೆ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು.

ಮನೆ ಬಾಗಿಲಲ್ಲೇ ಡಾಕ್ಟರು, "ಏನಾತ್ರಿ ವೈನಿ? ಅಂವಾ ಯಾಕ ಮಾತಾಡವಲ್ಲ?" ಅಂದರು. ಅಡುಗೆಮನೆಯಲ್ಲಿ ನಿಂತು ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಹೋಗ್ಲಿ ಬಿಡ್ರಿ, ಬ್ಯಾರೆ ಕೆಲಸ ಸಿಗ್ತದ. ಎಲ್ಲಾ ಛಲೋ ಆಗ್ತದ," ಅಂದರು.

ಬೇರೆ ಕೆಲಸ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ. ಒಂದೂವರೆ ವರ್ಷ ಸೋಫಾ ಮೇಲೆ ಕಳೆದ ಮೇಲೆ ಬಿಡಿಭಾಗಗಳ ಒಂದು ಗೋದಾಮಿನಲ್ಲಿ ಸಿಕ್ಕಿತು. ಹೋಗುತ್ತಿದ್ದರು, ಬರುತ್ತಿದ್ದರು, ಉಣ್ಣುತ್ತಿದ್ದರು. ನಾಣ್ಯದ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಭೂತಗನ್ನಡಿಯನ್ನ ಮಗಳು ಇರುವೆ ನೋಡೋಕೆ ಅಂತ ಹಿತ್ತಿಲಿಗೆ ತೆಗೆದುಕೊಂಡು ಹೋಗಿ ಕಳೆದಳು, ಯಾರೂ ಬೈಯಲಿಲ್ಲ. ಆದರೆ ನನ್ನ ಗಂಡ ಇನ್ನು ವಾಪಸ್ ಬರೋದಿಲ್ಲ ಅಂತ ತಿಳಿಯೋಕೆ ನಾನು ಅಷ್ಟು ದಿನ ಕಾಯಬೇಕಾಗಲಿಲ್ಲ. ಅದು ಮರುದಿನವೇ, ಡಾಕ್ಟರ ಮನೆಯ ಪೂಜೆಯಲ್ಲೇ ತಿಳಿಯಿತು.

ಭಾನುವಾರ ಹತ್ತಿಪ್ಪತ್ತು ಜನ ಕನ್ನಡದವರು ಸೇರಿದ್ದರು. ಎಲ್ಲೆಲ್ಲಿಂದಲೋ ಡ್ರೈವ್ ಮಾಡಿಕೊಂಡು ಬಂದವರು. ಕಥೆ ಮುಗಿಯಿತು, ಮಂಗಳಾರತಿ ಆಯಿತು. ಡಾಕ್ಟರ ಹೆಂಡತಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ಬಂದರು. ಎಲ್ಲರೂ ಆರತಿ ಮೇಲೆ ಕೈ ಆಡಿಸಿ ಕಣ್ಣಿಗೆ ಒತ್ತಿಕೊಂಡರು. ನಾನೂ ಒತ್ತಿಕೊಂಡೆ. ತಟ್ಟೆ ಇವರ ಮುಂದೆ ಬಂದು ನಿಂತಿತು. ಇವರು ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಕರ್ಪೂರವನ್ನೇ ನೋಡುತ್ತಾ ನಿಂತಿದ್ದರು. ಡಾಕ್ಟರ ಹೆಂಡತಿ ನನ್ನ ಮುಖ ನೋಡಿದರು. ಜನರೆಲ್ಲಾ ನೋಡುತ್ತಿದ್ದಾರಲ್ಲ ಅಂತ ನಾನೇ ಆರತಿ ತೆಗೆದುಕೊಂಡು, ಬೆಚ್ಚಗಿದ್ದ ಬೆರಳುಗಳನ್ನ ಅವರ ಕಣ್ಣಿಗೆ ಒತ್ತೋಕೆ ಹೋದೆ. ಅವರು ಜೇಬಿಂದ ಕೈ ತೆಗೆದು ನನ್ನ ಮಣಿಕಟ್ಟನ್ನ ಗಟ್ಟಿಯಾಗಿ ಹಿಡಿದುಕೊಂಡರು.

"ಬೇಡ ಕಣೇ," ಅಂದರು, ಬಹಳ ಮೆತ್ತಗೆ. "ಗೆರೆ ಬೀಳುತ್ತೆ."

ಹಾಸ್ಯಕ್ಕೆ ಅಂದದ್ದಲ್ಲ. ನಾನು ಬೂಟನ್ನೂ ಮೆಟ್ಟದೆ ಆಚೆ ಹೋಗಿ, ಹಿಮದಲ್ಲಿ ನಿಂತಿದ್ದ ನಮ್ಮ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು ಅತ್ತೆ.